ನಾಲಿಗೆ ಕಟ್ಟಿದ ಪಂಡಿತ

1095ರ ಬೇಸಿಗೆ. ಬಾಗ್ದಾದಿನ ನಿಜಾಮಿಯಾ ಮದರಸಾದಲ್ಲಿ ಶಿಷ್ಯರು ಪಾಠಕ್ಕೆ ಕಾದಿದ್ದರು. ಗುರುಗಳು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ನಾಲಿಗೆ ಹೊರಳಲಿಲ್ಲ. ಮುಂದೆ ಊಟವೂ ಸೇರದಾಯಿತು. ಒಂದು ಗುಟುಕು ಸಾರು ಸಹ ಗಂಟಲಿನಲ್ಲಿ ಇಳಿಯದಂತಾಯಿತು. ಪರೀಕ್ಷಿಸಿದ ವೈದ್ಯರು, ಇದು ಮನಸ್ಸಿನಲ್ಲಿ ಹುಟ್ಟಿ ಮೈಗೆ ಇಳಿದ ಕಾಯಿಲೆ, ಮನಸ್ಸಿನ ಭಾರ ಇಳಿಯುವ ತನಕ ಔಷಧಿಯಿಂದ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದರು.

ಆ ಗುರುಗಳ ಹೆಸರು ಅಬು ಹಾಮಿದ್ ಅಲ್ ಗಜಾಲಿ. ಆಗ ಅವರಿಗೆ ಸುಮಾರು 37 ವರ್ಷ. ಇಸ್ಲಾಮೀ ಜಗತ್ತಿನ ಅತ್ಯಂತ ಪ್ರತಿಷ್ಠಿತ ಅಧ್ಯಾಪಕ ಪೀಠ ಅವರದು. 300 ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ಅದೇ ವರ್ಷದ ಜನವರಿಯಲ್ಲಷ್ಟೇ ಅವರು 'ತಹಾಫುತ್ ಅಲ್ ಫಲಾಸಿಫಾ', ಅಂದರೆ ತತ್ವಜ್ಞಾನಿಗಳ ಅಸಂಗತತೆ ಎಂಬ ಗ್ರಂಥವನ್ನು ಮುಗಿಸಿದ್ದರು. ಗ್ರೀಕರ ಜಾಡಿನಲ್ಲಿ ನಡೆದ ಘಟಾನುಘಟಿ ತತ್ವಜ್ಞಾನಿಗಳನ್ನು ಅವರದೇ ತರ್ಕದಿಂದ ಕಟ್ಟಿಹಾಕಿದ ಪುಸ್ತಕ ಅದು. ವಾದದಲ್ಲಿ ಅಷ್ಟು ದೊಡ್ಡ ಗೆಲುವು ಸಾಧಿಸಿದ ಮನುಷ್ಯನಿಗೆ ಆರು ತಿಂಗಳಲ್ಲಿ ಮಾತೇ ನಿಂತುಹೋಯಿತು.

ಇದು ಕೇವಲ ಒಬ್ಬ ವ್ಯಕ್ತಿಯ ಅನಾರೋಗ್ಯದ ಕಥೆಯಾಗಿದ್ದರೆ ಒಂಬತ್ತು ಶತಮಾನಗಳ ಕಾಲ ಯಾರೂ ಅದನ್ನು ನೆನಪಿಡುತ್ತಿರಲಿಲ್ಲ. ತನ್ನೊಳಗೆ ನಡೆದದ್ದೇನು ಎಂಬುದನ್ನು ಗಜಾಲಿ ಮುಂದೆ ತಮ್ಮ ಆತ್ಮಕಥನದಂಥ ಪುಸ್ತಕ 'ಅಲ್ ಮುನ್ಕಿದ್ ಮಿನ್ ಅದ್ದಲಾಲ್'ನಲ್ಲಿ ಬರೆದಿಟ್ಟರು. ಸತ್ಯವನ್ನು ತಿಳಿದುಕೊಂಡ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆಯೇ ಎಂಬುದು ಆ ಸಣ್ಣ ಪುಸ್ತಕದ ತಿರುಳು. ಸೂಫಿ ಚಿಂತನೆಯನ್ನು ಅರ್ಥಮಾಡಿಕೊಳ್ಳಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ.

ದರೋಡೆಕೋರನ ಪಾಠ

ಗಜಾಲಿ ಹುಟ್ಟಿದ್ದು 1058ರಲ್ಲಿ, ಇಂದಿನ ಇರಾನಿನ ಈಶಾನ್ಯ ಭಾಗದಲ್ಲಿದ್ದ ತೂಸ್ ಎಂಬಲ್ಲಿ. ಅವರ ತಮ್ಮ ಅಹ್ಮದ್ ಚಿಕ್ಕಂದಿನಿಂದಲೇ ಸೂಫಿ ಮಾರ್ಗಕ್ಕೆ ಒಲಿದವರು. ಅಣ್ಣ ಹಿಡಿದದ್ದು ಶಾಸ್ತ್ರದ ದಾರಿ. ಯುವಕನಾಗಿದ್ದಾಗ ಜುರ್ಜಾನ್‌ನಲ್ಲಿ ಓದು ಮುಗಿಸಿ ಊರಿಗೆ ಮರಳುತ್ತಿದ್ದಾಗ ದರೋಡೆಕೋರರು ಎಲ್ಲವನ್ನೂ ದೋಚಿದರಂತೆ. ಬೇರೆಲ್ಲ ಹೋಗಲಿ, ಟಿಪ್ಪಣಿಗಳ ಗಂಟನ್ನಾದರೂ ಕೊಡಿ, ನಾನು ಕಲಿತದ್ದೆಲ್ಲ ಅದರಲ್ಲಿದೆ ಎಂದು ಗಜಾಲಿ ಬೇಡಿಕೊಂಡರು. ಕಳ್ಳರ ನಾಯಕ ನಕ್ಕುಬಿಟ್ಟ. ನಾವು ಗಂಟು ಕಿತ್ತುಕೊಂಡರೆ ಹೊರಟುಹೋಗುವಂಥದ್ದನ್ನು ಕಲಿತದ್ದು ಎನ್ನುತ್ತೀಯಲ್ಲ ಎಂದು ಹಂಗಿಸಿ ಗಂಟನ್ನು ಹಿಂತಿರುಗಿಸಿದ. ಊರು ಸೇರಿದ ಗಜಾಲಿ ಮೂರು ವರ್ಷ ಕೂತು ಅಷ್ಟನ್ನೂ ಬಾಯಿಪಾಠ ಮಾಡಿದರು ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ.

ಕಥೆ ಸ್ವಾರಸ್ಯವಾಗಿದೆ. ಆದರೆ ಕಳ್ಳನ ಮಾತಿನ ಅರ್ಧ ಭಾಗ ಮಾತ್ರ ಆಗ ಅವರಿಗೆ ನಾಟಿತ್ತೆಂದು ಕಾಣುತ್ತದೆ. ಕಾಗದದಲ್ಲಿದ್ದದ್ದು ತಲೆಗೆ ಬಂತು, ಅಷ್ಟೆ. ತಲೆಯಿಂದ ಮುಂದಕ್ಕೆ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಎದ್ದದ್ದು ಬಹಳ ವರ್ಷಗಳ ನಂತರ.

ನೀಶಾಪುರದಲ್ಲಿ ಆ ಕಾಲದ ಮಹಾಪಂಡಿತ ಜುವೈನಿಯವರ ಬಳಿ ಕಲಿತ ಗಜಾಲಿ, 1085ರಲ್ಲಿ ಗುರುಗಳು ತೀರಿಕೊಂಡ ನಂತರ ಸೆಲ್ಜೂಕ್ ಸಾಮ್ರಾಜ್ಯದ ಪ್ರಭಾವಿ ವಜೀರ ನಿಜಾಮ್ ಉಲ್ ಮುಲ್ಕ್‌ನ ಆಸ್ಥಾನ ಸೇರಿದರು. ಆತನೇ ಸ್ಥಾಪಿಸಿದ ಬಾಗ್ದಾದಿನ ವಿದ್ಯಾಪೀಠಕ್ಕೆ 1091ರಲ್ಲಿ ಮುಖ್ಯ ಅಧ್ಯಾಪಕರಾದರು. ಮರುವರ್ಷವೇ ವಜೀರನ ಕೊಲೆಯಾಯಿತು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಷಾ ಕೂಡ ಸತ್ತ. ಗದ್ದುಗೆಗಾಗಿ ಕಿತ್ತಾಟ ಶುರುವಾಯಿತು. ಗಜಾಲಿಯವರ ಸ್ಥಾನಮಾನಕ್ಕೇನೂ ಧಕ್ಕೆಯಾಗಲಿಲ್ಲ. ಹೊರಗೆ ಇಷ್ಟೆಲ್ಲ ನಡೆಯುತ್ತಿದ್ದಾಗ ಅವರು ಪಾಠ ಪ್ರವಚನಗಳ ನಡುವೆ ಬಿಡುವು ಮಾಡಿಕೊಂಡು, ಗುರುವಿಲ್ಲದೆ, ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ತತ್ವಶಾಸ್ತ್ರದ ಗ್ರಂಥಗಳನ್ನೆಲ್ಲ ಓದಿ ಮುಗಿಸಿದರು. ಮತ್ತೊಂದು ವರ್ಷ ಅದನ್ನೇ ಮೆಲುಕು ಹಾಕಿದರು.

ತತ್ವಶಾಸ್ತ್ರ ಕೊಟ್ಟಿದ್ದ ಮಾತು

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಬೇಕು. 'ಫಲ್ಸಫಾ' ಎಂದು ಅರಬ್ಬರು ಕರೆದದ್ದು ಇಂದಿನ ಕಾಲೇಜುಗಳ ತತ್ವಶಾಸ್ತ್ರ ಪತ್ರಿಕೆಯಂಥದ್ದಲ್ಲ. ಅಬ್ಬಾಸಿ ಖಲೀಫರ ಕಾಲದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್‌ರಂಥ ಕ್ರೈಸ್ತ ವಿದ್ವಾಂಸರು ಸೇರಿದಂತೆ ಹಲವರು ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದರು. ಅದರ ಮೇಲೆ ಅಲ್ ಕಿಂದಿ, ಅಲ್ ಫಾರಾಬಿ, ಇಬ್ನ್ ಸೀನಾ ಎಂಬ ಪ್ರತಿಭಾವಂತರು ಒಂದು ಇಡೀ ವ್ಯವಸ್ಥೆಯನ್ನು ಕಟ್ಟಿದರು. ಗಣಿತ, ವೈದ್ಯ, ಖಗೋಳ, ತರ್ಕ ಎಲ್ಲವೂ ಅದರಲ್ಲಿ ಸೇರಿದ್ದವು. ಎಲ್ಲಕ್ಕೂ ಮಿಗಿಲಾಗಿ ಅದು ಮನುಷ್ಯನಿಗೆ ಒಂದು ಭರವಸೆ ಕೊಟ್ಟಿತ್ತು. ಬುದ್ಧಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಸತ್ಯಗಳನ್ನು ಗ್ರಹಿಸುತ್ತಾ ಹೋದಂತೆ ಆತ್ಮವೇ ಪರಿಪೂರ್ಣವಾಗುತ್ತದೆ, ಮನುಷ್ಯನ ಪರಮಸುಖ ಇರುವುದು ಅಲ್ಲೇ, ಸಾವಿನ ಆಚೆಗೂ ಉಳಿಯುವುದು ಅದೇ ಎಂಬುದು ಆ ಭರವಸೆ. ಅಂದರೆ ಸರಿಯಾಗಿ ತಿಳಿದವನು ತಾನಾಗಿಯೇ ಬೇರೆ ಮನುಷ್ಯನಾಗುತ್ತಾನೆ ಎಂದಾಯಿತು.

ಗಜಾಲಿ ಈ ಇಡೀ ಕಟ್ಟಡವನ್ನು ಒಂದೇ ಏಟಿಗೆ ಕೆಡವಲು ಹೋಗಲಿಲ್ಲ. ಅವರು ಅದನ್ನು ಆರು ಭಾಗ ಮಾಡಿ ನೋಡಿದರು. ಗಣಿತದಲ್ಲಿ ತಪ್ಪಿಲ್ಲ ಎಂದರು. ತರ್ಕ ಒಂದು ಉಪಕರಣ, ಅದನ್ನು ನಿರಾಕರಿಸುವವನು ತನ್ನ ಬುದ್ಧಿಯನ್ನೇ ಹಳಿದುಕೊಂಡಂತೆ ಎಂದರು. ಗ್ರಹಣ ಹೇಗಾಗುತ್ತದೆ ಎಂದು ಖಗೋಳಜ್ಞರು ಲೆಕ್ಕ ಹಾಕಿ ತೋರಿಸಿದ್ದನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಕೇಡು ಮಾಡುತ್ತಾನೆ, ಬುದ್ಧಿಯಿಲ್ಲದ ಗೆಳೆಯನಿಗಿಂತ ಬುದ್ಧಿವಂತ ಶತ್ರುವೇ ವಾಸಿ ಎಂಬ ಅರ್ಥದ ಮಾತನ್ನೂ ಆಡಿದರು. ಗಜಾಲಿ ವಿಜ್ಞಾನದ ವೈರಿ ಎಂದು ಸಲೀಸಾಗಿ ಹೇಳುವವರು ಈ ಪುಟಗಳನ್ನು ಓದಿಲ್ಲವೆಂದೇ ಹೇಳಬೇಕು.

ಅವರ ತಕರಾರು ಇದ್ದದ್ದು ದೇವರು, ಆತ್ಮ, ಪರಲೋಕದ ಬಗ್ಗೆ ತತ್ವಜ್ಞಾನಿಗಳು ಆಡಿದ ಮಾತುಗಳ ಮೇಲೆ. ಗಣಿತದಲ್ಲಿರುವ ಖಚಿತತೆ ಇಲ್ಲೂ ಇದೆಯೆಂದು ಅವರು ನಟಿಸುತ್ತಾರೆ, ಆದರೆ ಸಾಬೀತು ಮಾಡಲಾರರು ಎಂಬುದು ಗಜಾಲಿಯವರ ಆಕ್ಷೇಪ. 'ತಹಾಫುತ್'ನಲ್ಲಿ 20 ಪ್ರಶ್ನೆಗಳನ್ನೆತ್ತಿ ಒಂದೊಂದನ್ನೂ ಜಾಲಾಡಿದರು. ಅವುಗಳಲ್ಲಿ ಹೆಸರಾದದ್ದು ಹತ್ತಿ ಮತ್ತು ಬೆಂಕಿಯ ಉದಾಹರಣೆ. ಬೆಂಕಿ ತಾಗಿದಾಗ ಹತ್ತಿ ಉರಿಯುವುದನ್ನು ನಾವು ಕಾಣುತ್ತೇವೆ. ಆದರೆ ಬೆಂಕಿಯೇ ಅದನ್ನು ಉರಿಸಿತು, ಹಾಗೆ ಆಗಲೇಬೇಕಿತ್ತು ಎಂಬುದನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಎರಡು ಘಟನೆಗಳು ಜೊತೆಜೊತೆಯಾಗಿ ನಡೆಯುವುದನ್ನಷ್ಟೇ ಕಂಡದ್ದು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಹೆಚ್ಚುಕಡಿಮೆ ಇದನ್ನೇ ಹೇಳಲು ಇನ್ನೂ ಆರೂವರೆ ಶತಮಾನ ಕಾಯಬೇಕಿತ್ತು.

ಇದೇ ಗ್ರಂಥದಲ್ಲಿ ಮೂರು ಅಭಿಪ್ರಾಯಗಳನ್ನು ಗಜಾಲಿ ಧರ್ಮಭ್ರಷ್ಟತೆ ಎಂದೇ ಸಾರಿದರು: ಜಗತ್ತಿಗೆ ಆದಿಯಿಲ್ಲ ಎಂಬುದು, ದೇವರಿಗೆ ಬಿಡಿ ಸಂಗತಿಗಳ ಅರಿವು ನೇರವಾಗಿ ಇಲ್ಲ ಎಂಬುದು, ಸತ್ತವರು ದೇಹಸಮೇತ ಏಳುವುದಿಲ್ಲ ಎಂಬುದು. ಭಿನ್ನಾಭಿಪ್ರಾಯಕ್ಕೆ ಮರಣದಂಡನೆಯ ಬೆದರಿಕೆ ಸೇರಿಸಿದ ಈ ಭಾಗವನ್ನು ಇಂದು ಓದುವಾಗ ಮುಜುಗರವಾಗದೆ ಇರುವುದಿಲ್ಲ. ಗಜಾಲಿಯವರ ದೊಡ್ಡತನದ ಬಗ್ಗೆ ಬರೆಯುವವರು ಇದನ್ನು ಮರೆಮಾಚಬಾರದು.

ಆರೋಗ್ಯದ ಲಕ್ಷಣ ಬಲ್ಲ ರೋಗಿ

ಇಷ್ಟೆಲ್ಲ ಗೆದ್ದ ಮೇಲೆ ಮಾತು ನಿಂತದ್ದೇಕೆ?

ಖಚಿತವಾದ ಜ್ಞಾನ ಯಾವುದು ಎಂಬ ಗೀಳು ಗಜಾಲಿಯವರಿಗೆ ಮೊದಲಿನಿಂದಲೂ ಇತ್ತು. ಕಣ್ಣನ್ನು ನಂಬೋಣವೆಂದರೆ, ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ನಾಣ್ಯದಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ ಭೂಮಿಗಿಂತ ದೊಡ್ಡದು. ಕಣ್ಣಿನ ತಪ್ಪನ್ನು ಬುದ್ಧಿ ತಿದ್ದಿತು. ಬುದ್ಧಿಯ ತಪ್ಪನ್ನು ತಿದ್ದುವ ಇನ್ನೊಂದು ಇದ್ದರೆ? ಕನಸಿನಲ್ಲಿದ್ದಾಗ ಕನಸೇ ನಿಜ. ಎಚ್ಚರವಾದ ಮೇಲಷ್ಟೇ ಗೊತ್ತಾಗುವುದು. ಈ ಸಂಶಯದಲ್ಲಿ ಅವರು ಎರಡು ತಿಂಗಳು ಒದ್ದಾಡಿದರಂತೆ. ಅದರಿಂದ ಪಾರು ಮಾಡಿದ್ದು ಯಾವ ವಾದವೂ ಅಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕು ಎಂದು ಅವರು ಬರೆಯುತ್ತಾರೆ. ಆಮೇಲೆ ದೈವಶಾಸ್ತ್ರಿಗಳು, ತತ್ವಜ್ಞಾನಿಗಳು, ಗುಪ್ತಾರ್ಥವಾದಿಗಳಾದ ಬಾತಿನಿಗಳು ಎಂದು ಒಂದೊಂದೇ ಗುಂಪನ್ನು ಪರೀಕ್ಷಿಸುತ್ತಾ ಕಡೆಗೆ ಸೂಫಿಗಳ ಹತ್ತಿರ ಬಂದರು.

ಬಂದವರು ಪಂಡಿತರಲ್ಲವೇ? ಮೊದಲು ಮಾಡಿದ ಕೆಲಸ ಪುಸ್ತಕ ಓದಿದ್ದು. ಅಬು ತಾಲಿಬ್ ಅಲ್ ಮಕ್ಕಿ, ಮುಹಾಸಿಬಿ ಇವರ ಗ್ರಂಥಗಳು, ಜುನೈದ್, ಶಿಬ್ಲಿ, ಬಾಯಜೀದ್ ಬಿಸ್ತಾಮಿಯವರ ಹೆಸರಿನ ಮಾತುಗಳು ಎಲ್ಲವನ್ನೂ ಅರೆದು ಕುಡಿದರು. ಓದಿ ತಿಳಿಯಬಹುದಾದಷ್ಟು ತಿಳಿದಾಯಿತು. ಆಗ ಅವರಿಗೆ ಹೊಳೆದದ್ದು, ಈ ದಾರಿಯ ಮುಖ್ಯ ಭಾಗ ಓದಿನ ಆಚೆಗಿದೆ ಎಂಬುದು.

ಇದನ್ನು ವಿವರಿಸಲು ಗಜಾಲಿ ಬಳಸುವ ಹೋಲಿಕೆಗಳು ಬಹಳ ಸರಳ. ಆರೋಗ್ಯ ಎಂದರೇನು, ಅದರ ಕಾರಣಗಳೇನು ಎಂದು ವಿವರಿಸಬಲ್ಲವನು ಬೇರೆ, ಆರೋಗ್ಯವಾಗಿರುವವನು ಬೇರೆ. ಕಾಯಿಲೆ ಬಿದ್ದ ವೈದ್ಯನಿಗೆ ಆರೋಗ್ಯದ ಲಕ್ಷಣವೂ ಗೊತ್ತು, ಮದ್ದೂ ಗೊತ್ತು. ಇಲ್ಲದ್ದು ಆರೋಗ್ಯ ಮಾತ್ರ. ಅಮಲು ಎಂದರೇನು ಎಂದು ಶಾಸ್ತ್ರೀಯವಾಗಿ ಹೇಳಬಲ್ಲವನಿಗೆ ಅಮಲಿಲ್ಲ, ಅಮಲೇರಿದವನಿಗೆ ಶಾಸ್ತ್ರದ ಗೊಡವೆಯಿಲ್ಲ. ವೈರಾಗ್ಯದ ಲಕ್ಷಣಗಳನ್ನು ಪಟ್ಟಿ ಮಾಡುವುದಕ್ಕೂ ಮನಸ್ಸು ನಿಜವಾಗಿ ಆಸೆಯಿಂದ ಕಳಚಿಕೊಳ್ಳುವುದಕ್ಕೂ ಅಷ್ಟೇ ಅಂತರ. ಈ ಎರಡನೆಯದಕ್ಕೆ ಸೂಫಿಗಳು ಇಟ್ಟ ಹೆಸರು 'ಜೌಕ್'. ರುಚಿ ಎಂದು ಅದರ ನೇರ ಅರ್ಥ. ಅನುಭವ ಮತ್ತು ಅನುಭಾವಗಳ ನಡುವೆ ಗೆರೆ ಎಳೆದಿರುವ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು 'ಪುಸ್ತಕದ ಬದನೆಕಾಯಿ' ಎಂದು ಮೂಗು ಮುರಿಯುವುದೂ ಇದೇ ಕಾರಣಕ್ಕೆ.

ಈ ಅಳತೆಗೋಲನ್ನು ಗಜಾಲಿ ತಮ್ಮ ಮೇಲೇ ಇಟ್ಟು ನೋಡಿಕೊಂಡರು. ನಾನು ಪಾಠ ಹೇಳುವುದು ಯಾರಿಗಾಗಿ? ದೇವರಿಗಾಗಿ ಅಲ್ಲ, ಹೆಸರಿಗಾಗಿ, ಪದವಿಗಾಗಿ ಎಂಬ ಉತ್ತರ ಬಂತು. ಬಿಟ್ಟು ಹೋಗಬೇಕೆಂದು ಒಂದು ದಿನ ನಿರ್ಧಾರ, ಮರುದಿನ ಅದು ರದ್ದು. ಬೆಳಿಗ್ಗೆ ಹುಟ್ಟಿದ ಹಂಬಲವನ್ನು ಸಂಜೆಯ ಹೊತ್ತಿಗೆ ಆಸೆಗಳು ಮುತ್ತಿ ಸೋಲಿಸುತ್ತಿದ್ದವು. ಹೀಗೆ ಸುಮಾರು ಆರು ತಿಂಗಳು ಜಗ್ಗಾಟ ನಡೆಯಿತು. ಬಿಡಬೇಕು ಎಂದು ಸಾಧಿಸಿ ತೋರಿಸುವ ತರ್ಕಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಆದರೂ ಕಾಲು ಕದಲಲಿಲ್ಲ. ಕೊನೆಗೆ ನಾಲಿಗೆ ಕಟ್ಟಿತು, ಆಯ್ಕೆಯೇ ಉಳಿಯಲಿಲ್ಲ.

1095ರ ನವೆಂಬರಿನಲ್ಲಿ ಮೆಕ್ಕಾಕ್ಕೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿ ಗಜಾಲಿ ಹೊರಟರು, ಹೋದದ್ದು ಡಮಾಸ್ಕಸ್‌ಗೆ. ನಿಜ ಹೇಳಿದ್ದರೆ ಖಲೀಫರೂ ಗೆಳೆಯರೂ ತಡೆಯುತ್ತಿದ್ದರು. ಮಕ್ಕಳ ಪಾಲನೆಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಆಸ್ತಿಯನ್ನೆಲ್ಲ ಹಂಚಿಬಿಟ್ಟರು. ಡಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರನ್ನೇರಿ ಬಾಗಿಲು ಹಾಕಿಕೊಂಡು ಇಡೀ ದಿನ ಒಬ್ಬರೇ ಕೂರುತ್ತಿದ್ದರು. ಅಲ್ಲಿಂದ ಜೆರುಸಲೇಮ್, ಹೆಬ್ರಾನ್, ಆಮೇಲೆ ನಿಜವಾಗಿಯೂ ಮೆಕ್ಕಾ. ಹೆಬ್ರಾನ್‌ನಲ್ಲಿ ಪ್ರವಾದಿ ಇಬ್ರಾಹೀಮರ ಸಮಾಧಿಯ ಮುಂದೆ ಮೂರು ಶಪಥ ಮಾಡಿದರು: ದೊರೆಗಳ ಬಳಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಯಾರೊಡನೆಯೂ ವಾದಕ್ಕಿಳಿಯುವುದಿಲ್ಲ. ಮೂರನೆಯದು ಅವರಿಗೆ ಎಷ್ಟು ಕಷ್ಟವಾಗಿರಬೇಕು!

ಅವರು ಓಡಿಹೋದದ್ದು ಕೊಲೆಗಡುಕರ ಭಯದಿಂದ, ಅಥವಾ ಬಾಗ್ದಾದಿನ ರಾಜಕೀಯ ತಿರುಗಿಬಿದ್ದದ್ದರಿಂದ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇರಬಹುದು. ಮನುಷ್ಯ ಒಂದೇ ಕಾರಣಕ್ಕೆ ಮನೆ ಬಿಡುವುದು ಅಪರೂಪ. ಆದರೆ ಬೇರೆ ನೆಪ ಕಟ್ಟಿ ತನ್ನ ಮಾನ ಉಳಿಸಿಕೊಳ್ಳಬಹುದಾಗಿದ್ದ ಒಬ್ಬ ಪ್ರಸಿದ್ಧ ಗುರು, ನಾನು ಪಾಠ ಹೇಳುತ್ತಿದ್ದುದು ಹೆಸರಿನ ಆಸೆಗೆ ಎಂದು ತಾನೇ ಬರೆದುಕೊಂಡದ್ದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಕೆರೆಯ ತಳ ಅಗೆಯುವುದು

ಈ ಅಲೆದಾಟದ ವರ್ಷಗಳಲ್ಲಿ ರೂಪುಗೊಂಡದ್ದು ಗಜಾಲಿಯವರ ಮೇರುಕೃತಿ 'ಇಹ್ಯಾ ಉಲೂಮುದ್ದೀನ್'. ನಾಲ್ಕು ಭಾಗ, 40 ಅಧ್ಯಾಯಗಳ ಬೃಹತ್ ಗ್ರಂಥ. ಮನಸ್ಸಿನ ವಿಸ್ಮಯಗಳನ್ನು ಕುರಿತ ಅಧ್ಯಾಯದಲ್ಲಿ ಒಂದು ಕೆರೆಯ ಹೋಲಿಕೆ ಬರುತ್ತದೆ. ಕೆರೆಗೆ ಮೇಲಿನ ಕಾಲುವೆಗಳಿಂದ ನೀರು ಹರಿಸಬಹುದು. ಇಲ್ಲವೇ ಕಾಲುವೆಗಳನ್ನು ಮುಚ್ಚಿ, ತಳದ ಮಣ್ಣನ್ನು ಅಗೆದು ತೆಗೆದು, ಒಳಗಿನ ಸೆಲೆಯೇ ಉಕ್ಕುವಂತೆ ಮಾಡಬಹುದು. ಆ ನೀರು ಹೆಚ್ಚು ತಿಳಿ, ಬತ್ತುವುದೂ ಕಡಿಮೆ. ಮನಸ್ಸು ಕೆರೆ, ಐದು ಇಂದ್ರಿಯಗಳು ಕಾಲುವೆ. ಹೂಳೆತ್ತುವ ಕೆಲಸವೇ ಸೂಫಿ ಸಾಧನೆ.

ಅದರ ಬೆನ್ನಿಗೇ ಚಿತ್ರಕಾರರ ಕಥೆ. ಚೀನೀಯರಿಗೂ ರೂಮಿನವರಿಗೂ, ಅಂದರೆ ಬೈಜಾಂಟಿಯಂ ಸೀಮೆಯವರಿಗೂ, ರಾಜನೆದುರು ಪೈಪೋಟಿ. ಒಂದು ಹಜಾರದ ನಡುವೆ ಪರದೆ ಕಟ್ಟಿ ಎದುರುಬದುರು ಗೋಡೆಗಳನ್ನು ಕೊಟ್ಟರು. ರೂಮಿನವರು ಬಣ್ಣಬಣ್ಣದ ಚಿತ್ರ ಬರೆದರು. ಚೀನೀಯರು ಒಂದು ಹನಿ ಬಣ್ಣವನ್ನೂ ಮುಟ್ಟದೆ ಗೋಡೆಯನ್ನು ತಿಕ್ಕುತ್ತಲೇ ಇದ್ದರು. ಪರದೆ ಸರಿದಾಗ ಎದುರುಗೋಡೆಯ ಚಿತ್ರವೆಲ್ಲ ಇಲ್ಲಿ ಇನ್ನಷ್ಟು ಹೊಳಪಿನಿಂದ ಮೂಡಿತ್ತು. ಪಂಡಿತರು ಚಿತ್ರ ಬರೆಯುವವರು, ಸೂಫಿಗಳು ಗೋಡೆ ತಿಕ್ಕುವವರು ಎಂದು ಗಜಾಲಿ ಅರ್ಥ ಹೇಳುತ್ತಾರೆ. ನೂರೈವತ್ತು ವರ್ಷ ಕಳೆದ ಮೇಲೆ ಜಲಾಲುದ್ದೀನ್ ರೂಮಿ ಈ ಕಥೆಯನ್ನು ತಮ್ಮ 'ಮಸ್ನವಿ'ಗೆ ಎತ್ತಿಕೊಂಡಾಗ ಪಾತ್ರಗಳು ಅದಲುಬದಲಾದವು. ಅಲ್ಲಿ ಬಣ್ಣ ಬಳಿಯುವವರು ಚೀನೀಯರು!

ತಿಕ್ಕುವುದು ಎಂದರೆ ಏನು ಎಂಬುದನ್ನೂ 'ಇಹ್ಯಾ' ಬಿಡಿಸಿ ಹೇಳುತ್ತದೆ. ಆ ಗ್ರಂಥದ ನಿಜವಾದ ಶಕ್ತಿ ಇರುವುದು ಇಂಥ ಪುಟಗಳಲ್ಲಿ. ಸುಂದರ ಅಕ್ಷರ ಬೇಕೆಂದರೆ ಒಳ್ಳೆಯ ಬರಹಗಾರನ ಕೈಬರಹವನ್ನು ಮೊದಮೊದಲು ಕಷ್ಟಪಟ್ಟು ನಕಲು ಮಾಡಬೇಕು. ಮಾಡುತ್ತಾ ಮಾಡುತ್ತಾ ಅದು ತನ್ನದೇ ಆಗುತ್ತದೆ. ಸ್ವಭಾವವೂ ಹಾಗೆಯೇ. ಬಟ್ಟೆಬರೆಯ ಜಂಬ ಇರುವ ಶಿಷ್ಯನಿಗೆ ಗುರು ಕಕ್ಕಸು ತೊಳೆಯುವ, ಕಸ ಗುಡಿಸುವ, ಅಡುಗೆಮನೆಯ ಕೆಲಸ ಹಚ್ಚಬೇಕು. ದೊಡ್ಡಸ್ತಿಕೆ ಬಿಡದವನನ್ನು ಪೇಟೆಗೆ ಕಳಿಸಿ ಭಿಕ್ಷೆ ಬೇಡಿಸಬೇಕು. ಸಿಟ್ಟು ಗೆಲ್ಲಲು ಹೊರಟ ಒಬ್ಬಾತ ನಾಲ್ಕು ಜನರ ಮುಂದೆ ತನ್ನನ್ನು ಬೈಯಲೆಂದೇ ಒಬ್ಬನನ್ನು ಕೂಲಿಗೆ ಇಟ್ಟುಕೊಂಡಿದ್ದನಂತೆ. ಪುಕ್ಕಲುತನ ಕಳೆಯಲು ಇನ್ನೊಬ್ಬ ಚಳಿಗಾಲದ ಅಬ್ಬರದ ಕಡಲಿನಲ್ಲಿ ಹಡಗೇರುತ್ತಿದ್ದನಂತೆ.

ಇಲ್ಲೊಂದು ತಮಾಷೆಯಿದೆ. ಅಭ್ಯಾಸದಿಂದ ಸ್ವಭಾವ ಬದಲಾಗುತ್ತದೆ, ಒಂದು ಅತಿಯನ್ನು ಅದರ ವಿರುದ್ಧ ಗುಣದಿಂದ ಸರಿಪಡಿಸಬೇಕು ಎಂಬ ಈ ಚಿಕಿತ್ಸೆಯ ಮೂಲ ಎಲ್ಲಿಯದು? ಅರಿಸ್ಟಾಟಲನ ನೀತಿಶಾಸ್ತ್ರ. ಅದು ಮಿಸ್ಕವೈಹ್‌ನಂಥ ತತ್ವಜ್ಞಾನಿಗಳ ಮೂಲಕ ಗಜಾಲಿಯವರ ಕೈಸೇರಿತ್ತು. ನಮ್ಮ ಗುರುಗಳು ತತ್ವಜ್ಞಾನಿಗಳನ್ನು ನುಂಗಿದರು, ಆಮೇಲೆ ಕಾರಿಕೊಳ್ಳಲು ಹೋದರೆ ಆಗಲಿಲ್ಲ ಎಂಬರ್ಥದ ಮಾತನ್ನು ಅವರ ಶಿಷ್ಯ ಅಬು ಬಕ್ರ್ ಇಬ್ನುಲ್ ಅರಬಿ ಆಡಿದ್ದು ಸುಮ್ಮನೆ ಅಲ್ಲ. ತತ್ವಶಾಸ್ತ್ರ ಸುಳ್ಳು ಎಂಬುದು ಗಜಾಲಿಯವರ ನಿಲುವಾಗಿರಲಿಲ್ಲ. ಔಷಧಿಯ ಚೀಟಿ ಅದು, ಓದಿ ಮಡಿಚಿಟ್ಟರೆ ರೋಗ ವಾಸಿಯಾಗದು ಎಂಬುದಷ್ಟೇ ಅವರ ಮಾತು. ಇಬ್ನ್ ಸೀನಾ ತಮ್ಮ ಕೊನೆಗಾಲದ ಸಂಕಲ್ಪದಲ್ಲಿ, ಇನ್ನು ಮೋಜಿಗಾಗಿ ಮದ್ಯ ಕುಡಿಯುವುದಿಲ್ಲ, ಔಷಧಿಯಾಗಿ ಮಾತ್ರ ಎಂದು ಬರೆದದ್ದನ್ನು ಗಜಾಲಿ ಎತ್ತಿ ಆಡಿದ್ದಾರೆ. ಸ್ವಲ್ಪ ಸಣ್ಣತನದ ಕುಟುಕು ಅದು. ಹೇಳಬೇಕಾದದ್ದು ಮಾತ್ರ ಅದರಲ್ಲೂ ಇದೆ.

ಶಿಷ್ಯನೊಬ್ಬನಿಗೆ ಬರೆದ ಪತ್ರದಲ್ಲಿ ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತಾರೆ. ಕಾಡಿನಲ್ಲಿ ಸಿಂಹ ಎದುರಾದಾಗ ಬೆನ್ನಿಗೆ ಹತ್ತು ಹಿಂದೂಸ್ಥಾನದ ಕತ್ತಿಗಳಿದ್ದರೂ, ಹಿರಿದು ಬೀಸದ ಹೊರತು ಏನು ಲಾಭ? (ಭಾರತದ ಕತ್ತಿಯ ಉಕ್ಕು ಆ ಕಾಲದ ಅರಬ್ಬಿ ನಾಡಿನಲ್ಲಿ ಹೆಸರುವಾಸಿ.)

ನ್ಯಾಯಾಧೀಶರ ಉತ್ತರ

ಎಲ್ಲರೂ ಇದನ್ನು ಒಪ್ಪಿದರೇ? ಇಲ್ಲ. ಸ್ಪೇನಿನ ಕೊರ್ಡೋಬಾದ ಇಬ್ನ್ ರುಷ್ದ್ (1126-1198) ಸುಮಾರು 1180ರಲ್ಲಿ 'ತಹಾಫುತ್ ಅತ್ ತಹಾಫುತ್' ಎಂಬ ಪ್ರತ್ಯುತ್ತರ ಬರೆದರು. ಅಸಂಗತತೆಯ ಅಸಂಗತತೆ! ವೃತ್ತಿಯಿಂದ ಅವರು ನ್ಯಾಯಾಧೀಶರು. ಕಾರಣ ಕಾರ್ಯ ಸಂಬಂಧವನ್ನೇ ಅಲ್ಲಗಳೆದರೆ ಜ್ಞಾನ ಎಂಬುದೇ ಉಳಿಯುವುದಿಲ್ಲ ಎಂದು ಅವರು ಗದರಿದರು. ಸೂಫಿ ಮಾರ್ಗದ ಬಗ್ಗೆ ಅವರು ಎತ್ತಿದ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಅಂಥ ದಾರಿಯೊಂದು ಇದ್ದರೂ ಇರಲಿ, ಅದು ಎಲ್ಲ ಮನುಷ್ಯರಿಗೂ ದಕ್ಕುವಂಥದ್ದಲ್ಲ. ಅದೊಂದೇ ದಾರಿಯಾಗಿದ್ದರೆ, ನೋಡಿರಿ, ಯೋಚಿಸಿರಿ ಎಂದು ಕುರಾನ್ ಮತ್ತೆ ಮತ್ತೆ ಕರೆಯುವುದಕ್ಕೆ ಅರ್ಥವಿರುತ್ತಿರಲಿಲ್ಲ. ಆಸೆಗಳನ್ನು ಹದ್ದಿನಲ್ಲಿಡುವುದು ಯೋಚನೆಗೆ ಸಹಾಯಕ. ದೇಹಕ್ಕೆ ಆರೋಗ್ಯವಿದ್ದರೆ ಓದು ಚೆನ್ನಾಗಿ ಸಾಗುವಂತೆ. ಆದರೆ ಆರೋಗ್ಯ ತಾನೇ ಪಾಠ ಹೇಳಿಕೊಡುವುದಿಲ್ಲ. ಗಜಾಲಿಯವರ ಆರೋಗ್ಯದ ಹೋಲಿಕೆಯನ್ನು ಅವರ ಮೇಲೆಯೇ ತಿರುಗಿಸಿದಂತೆ ಇಲ್ಲವೇ?

ಇದೇ ಇಬ್ನ್ ರುಷ್ದ್‌ರನ್ನು ಇನ್ನೂ ಮೀಸೆ ಮೂಡದ ಹುಡುಗನಾಗಿದ್ದಾಗ ಕಂಡ ಪ್ರಸಂಗವನ್ನು ಮಹಾನ್ ಸೂಫಿ ಇಬ್ನ್ ಅರಬಿ ಬರೆದಿದ್ದಾರೆ. ಹುಡುಗನ ಅನುಭಾವದ ಸುದ್ದಿ ಕೇಳಿ ವೃದ್ಧ ತತ್ವಜ್ಞಾನಿಗೆ ಕುತೂಹಲ. ಬುದ್ಧಿಯಿಂದ ನಾವು ತಲುಪಿದ್ದನ್ನೇ ನೀವು ಒಳಗಣ್ಣಿನಿಂದ ಕಂಡಿರಾ ಎಂದು ಕೇಳಿದರೆ, ಹುಡುಗ ಹೌದೂ ಎಂದ, ಇಲ್ಲವೂ ಎಂದ. ಇಬ್ನ್ ರುಷ್ದ್‌ರ ಮುಖ ಕಳೆಗುಂದಿತಂತೆ. ಕಥೆ ಹೇಳಿದವರು ಇಬ್ನ್ ಅರಬಿಯೇ ಎಂಬುದನ್ನು ಮರೆಯುವಂತಿಲ್ಲ. ತತ್ವಜ್ಞಾನಿ ಮರಾಕೆಶ್‌ನಲ್ಲಿ ತೀರಿಕೊಂಡ ಮೇಲೆ ಶವವನ್ನು ಕೊರ್ಡೋಬಾಕ್ಕೆ ಸಾಗಿಸುವಾಗಲೂ ಅವರು ಇದ್ದರು. ಹೇರುವ ಪ್ರಾಣಿಯ ಒಂದು ಪಕ್ಕಕ್ಕೆ ಶವಪೆಟ್ಟಿಗೆ, ತೂಕ ಸರಿದೂಗಲು ಇನ್ನೊಂದು ಪಕ್ಕಕ್ಕೆ ಅವರು ಬರೆದ ಪುಸ್ತಕಗಳು.

ಗಜಾಲಿಯ ಒಂದು ಪುಸ್ತಕದಿಂದ ಇಸ್ಲಾಮೀ ಜಗತ್ತಿನಲ್ಲಿ ತತ್ವಶಾಸ್ತ್ರವೇ ಸತ್ತಿತು ಎಂದು ಬಹುಕಾಲ ಪಠ್ಯಪುಸ್ತಕಗಳು ಬರೆದವು. ಇತ್ತೀಚಿನ ದಶಕಗಳ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಇಬ್ನ್ ಸೀನಾರ ಗ್ರಂಥಗಳಿಗೆ ಭಾಷ್ಯಗಳ ಮೇಲೆ ಭಾಷ್ಯಗಳು ಬಂದದ್ದು ಗಜಾಲಿಯ ನಂತರವೇ. ತರ್ಕ ಮದರಸಾಗಳ ಪಾಠಪಟ್ಟಿ ಸೇರಿದ್ದರಲ್ಲಿ ಗಜಾಲಿಯವರ ಪಾಲು ದೊಡ್ಡದು.

ಇನ್ನು ಅವರ ಶಪಥಗಳ ಗತಿ? ಮಕ್ಕಳ ಕರೆಗೆ ಓಗೊಟ್ಟು ಊರಿಗೆ ಮರಳಿದ ಗಜಾಲಿ, 1106ರಲ್ಲಿ ವಜೀರನ ಒತ್ತಾಯಕ್ಕೆ ಕಟ್ಟುಬಿದ್ದು ನೀಶಾಪುರದ ನಿಜಾಮಿಯಾದಲ್ಲಿ ಪುನಃ ಪಾಠಕ್ಕೆ ಕುಳಿತರು. ಮೊದಲು ಪದವಿ ತರುವ ವಿದ್ಯೆ ಹೇಳುತ್ತಿದ್ದೆ, ಈಗ ಪದವಿ ಬಿಡಿಸುವ ವಿದ್ಯೆ ಹೇಳುತ್ತೇನೆ ಎಂಬ ಅರ್ಥದ ಸಮಜಾಯಿಷಿ ಕೊಟ್ಟಿದ್ದಾರೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. 1111ರ ಡಿಸೆಂಬರಿನಲ್ಲಿ ತೂಸ್‌ನಲ್ಲಿ ಅವರು ತೀರಿಕೊಂಡರು.

ಹಮದಾನಿನಿಂದ ಕಲಬುರಗಿಗೆ

ಪುಸ್ತಕದ ಮಿತಿಯನ್ನು ಪುಸ್ತಕ ಬರೆದು ಹೇಳಿದರೆ ಏನಾಗಬಹುದೋ ಅದೂ ಆಯಿತು. ಇರಾನಿನ ಹಮದಾನ್‌ನ ಯುವ ನ್ಯಾಯಾಧೀಶ ಐನುಲ್ ಕುಜಾತ್ ಸುಮಾರು ನಾಲ್ಕು ವರ್ಷ ಗಜಾಲಿಯವರ ಕೃತಿಗಳನ್ನೇ ಓದಿದರು. ಗುರಿ ಸೇರಿದೆ ಎಂದುಕೊಂಡರು. ಅಷ್ಟರಲ್ಲಿ ಗಜಾಲಿಯವರ ತಮ್ಮ ಅಹ್ಮದ್ ಆ ಊರಿಗೆ ಬಂದರು. ನಾಲ್ಕು ವರ್ಷದ ಓದು ಕೊಡದಿದ್ದನ್ನು ಅವರ ಜೊತೆಗಿನ ಕೆಲವೇ ದಿನಗಳು ಕೊಟ್ಟವು ಎಂದು ಐನುಲ್ ಕುಜಾತ್ ಬರೆದುಕೊಂಡಿದ್ದಾರೆ. ಅವರ ಧೈರ್ಯದ ಮಾತುಗಳನ್ನು ಅಧಿಕಾರಸ್ಥರು ಸಹಿಸಲಿಲ್ಲ. 1131ರಲ್ಲಿ, ಮೂವತ್ತರ ಆಚೀಚೆಯ ವಯಸ್ಸಿನಲ್ಲಿ, ಅವರಿಗೆ ಮರಣದಂಡನೆಯಾಯಿತು.

ಅವರ 'ತಮ್ಹೀದಾತ್' ಗ್ರಂಥಕ್ಕೆ ಪಾರ್ಸಿಯಲ್ಲಿ ಭಾಷ್ಯ ಬರೆದವರು ಕಲಬುರಗಿಯ ಖ್ವಾಜಾ ಬಂದೇ ನವಾಜ್ ಗೇಸೂದರಾಜ್. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದೆಹಲಿ ಬಿಟ್ಟ ಅವರು ಸುಮಾರು 1400ರಲ್ಲಿ ಕಲಬುರಗಿಗೆ ಬಂದಾಗ ಗದ್ದುಗೆಯಲ್ಲಿದ್ದವನು ಬಹಮನಿ ಸುಲ್ತಾನ ಫಿರೋಜ್ ಷಾ. ಆತ ತತ್ವಶಾಸ್ತ್ರ, ಖಗೋಳದ ಹುಚ್ಚಿನವನು. ಶನಿವಾರ, ಸೋಮವಾರ, ಗುರುವಾರ ತಾನೇ ಕುಳಿತು ಗಣಿತ, ರೇಖಾಗಣಿತಗಳ ಪಾಠ ಹೇಳುತ್ತಿದ್ದನೆಂದು ಚರಿತ್ರೆಕಾರ ಫಿರಿಶ್ತಾ ಬರೆಯುತ್ತಾನೆ. ದೌಲತಾಬಾದ್ ಬಳಿ ವೀಕ್ಷಣಾಲಯ ಕಟ್ಟಿಸಲೂ ಹೊರಟಿದ್ದ, ಅದು ಪೂರ್ಣವಾಗಲಿಲ್ಲ. ಸುಲ್ತಾನ ಮೊದಲು ಖ್ವಾಜಾರನ್ನು ಆದರದಿಂದ ಬರಮಾಡಿಕೊಂಡ. ಮಾತಾಡಿ ನೋಡಿದಾಗ ಹೊರವಿದ್ಯೆಗಳಲ್ಲಿ, ಅದರಲ್ಲೂ ತರ್ಕ ತತ್ವಗಳಲ್ಲಿ, ಇವರು ಅಷ್ಟಕ್ಕಷ್ಟೆ ಎನಿಸಿ ಆದರ ಕಡಿಮೆಯಾಯಿತಂತೆ. ಸುಲ್ತಾನನ ತಮ್ಮ ಅಹ್ಮದ್ ಮಾತ್ರ ಖ್ವಾಜಾರ ಪ್ರವಚನಗಳಿಗೆ ತಪ್ಪದೆ ಹೋಗುತ್ತಿದ್ದ.

ಬಿಜಾಪುರದ ಆದಿಲ್ ಷಾಹಿ ಆಸ್ಥಾನದಲ್ಲಿದ್ದ ಫಿರಿಶ್ತಾ ಇದನ್ನು ಬರೆದದ್ದು ಎರಡು ಶತಮಾನ ಕಳೆದ ಮೇಲೆ. ಮನಸ್ತಾಪಕ್ಕೆ ಶಾಸ್ತ್ರವೊಂದೇ ಕಾರಣವ��ಗಿರಲಿಲ್ಲ ಎಂಬುದೂ ಅವನ ಬರಹದಿಂದಲೇ ತಿಳಿಯುತ್ತದೆ. ಮಗ ಹಸನ್ ಖಾನನಿಗೆ ಉತ್ತರಾಧಿಕಾರದ ಆಶೀರ್ವಾದ ಬೇಡಿದಾಗ, ಪಟ್ಟ ನಿಮ್ಮ ತಮ್ಮನಿಗೆ ಎಂದು ಖ್ವಾಜಾ ಹೇಳಿದ್ದು ಸುಲ್ತಾನನನ್ನು ಕೆರಳಿಸಿತು. ಕೋಟೆಯ ಹತ್ತಿರ ಜನ ಸೇರುತ್ತಾರೆಂಬ ನೆಪದಲ್ಲಿ ಅವರನ್ನು ಊರ ಹೊರಗೆ ಹೋಗುವಂತೆ ಮಾಡಿದ.

1422ರಲ್ಲಿ ಅಹ್ಮದ್ ಅಣ್ಣನನ್ನು ಇಳಿಸಿ ಗದ್ದುಗೆಯೇರಿದ. ಫಿರೋಜ್ ಷಾ ಆ ವರ್ಷವೇ ಸತ್ತ, ಖ್ವಾಜಾ ತೀರಿಕೊಂಡದ್ದೂ ಅದೇ ವರ್ಷದ ನವೆಂಬರಿನಲ್ಲಿ. ರೇಖಾಗಣಿತ ಪ್ರಿಯನಾದ ಸುಲ್ತಾನನ ಗೋರಿ ಕಲಬುರಗಿಯ ಹಫ್ತ್ ಗುಂಬಜ್ ಸಮುಚ್ಚಯದಲ್ಲಿದೆ. ಬಂದೇ ನವಾಜ್ ದರ್ಗಾ ಅಲ್ಲಿಂದ ದೂರವೇನಿಲ್ಲ.